ಎರಡೂವರೆ ಅಡಿಯ ಅಂಕೋರ್

ಕಳೆದ ವಾರ ನೈರೋಬಿಯ ಹರ್ಲಿಂಗ್‌ಹ್ಯಾಮಿನ ಅಂಗಡಿಯೊಂದರಲ್ಲಿ ಒಂದು ಡಬ್ಬಿ ಶುಗರ್ ಕ್ಯೂಬ್ ಕೊಂಡುಬಿಟ್ಟೆ. ನಮ್ಮ ಮನೆಗೆ ಸಕ್ಕರೆ ಕಾಲಿಡದೆ ಹನ್ನೊಂದು ವರ್ಷವಾಗಿದೆ. ನನ್ನ ಯಜಮಾನರು ಮಕ್ಕಳ ಡಾಕ್ಟರು, ಮನೆಯಲ್ಲೂ ನಾನು ಅವರನ್ನು ಡಾಕ್ಟರು ಎಂದೇ ಕರೆಯುವುದು. ಸಕ್ಕರೆ ಕಾಯಿಲೆ ಬಂದದ್ದು ಅವರೊಬ್ಬರಿಗೆ, ಪಥ್ಯ ಮಾತ್ರ ಮನೆಮಂದಿಗೆಲ್ಲ. ಹಾಗಾಗಿ ಡಬ್ಬಿಯನ್ನು ಸುಕುಮಾ ಸೊಪ್ಪಿನ ಕಟ್ಟಿನ ಕೆಳಗೆ ಅಡಗಿಸಿ ತಂದೆ. ತಿನ್ನುವುದಕ್ಕಲ್ಲ, ಕಟ್ಟುವುದಕ್ಕೆ.

ಅರವತ್ತೆರಡು ವರ್ಷದ ಹೆಂಗಸು ಊಟದ ಮೇಜಿನ ಮೇಲೆ ಸಕ್ಕರೆ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಕೂತಿದ್ದರೆ ನೋಡಿದವರು ಏನಂದುಕೊಳ್ಳುತ್ತಾರೆ ಎಂದು ನನಗೂ ಗೊತ್ತು. ಮಗಳೂ ಅದನ್ನೇ ಅಂದುಕೊಂಡಳು. "ಅಮ್ಮಾ, ಆರ್ ಯು ಓಕೆ?" ಎಂದಳು. ನೈರೋಬಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಸವಾ ಸವಾ" ಎಂದೆ. ಎಲ್ಲ ಸರಿಯಾಗಿದೆ, ನಿನ್ನ ಕೆಲಸ ನೋಡಿಕೋ ಎನ್ನುವುದಕ್ಕೆ ಈ ಊರಿನಲ್ಲಿ ಅಷ್ಟು ಸಾಕು.

ಈ ಚಟ ಹತ್ತಿಸಿದವಳು ಸೆವ್ರಿನ್ ಲೋಬೊ. ಮಂಗಳೂರಿನವಳು, ಮದುವೆಯಾಗದವಳು, ಮನೆಯಲ್ಲಿ ಕೊಂಕಣಿ, ಸಿಟ್ಟು ಬಂದಾಗ ತುಳು, ನನ್ನ ಜೊತೆ ಮಾತ್ರ ಆ ಮಂಗಳೂರು ಕನ್ನಡ. ನಾವಿಬ್ಬರೂ ಇಲ್ಲಿನ ಒಂದು ಶಾಲೆಯಲ್ಲಿ ಇಪ್ಪತ್ತಾರು ವರ್ಷ ಒಟ್ಟಿಗೆ ಪಾಠ ಮಾಡಿದೆವು. ಅವಳದು ಗಣಿತ, ನನ್ನದು ಇತಿಹಾಸ. ಅವಳ "ಉಂಟು", ನನ್ನ ಮೈಸೂರಿನ "ಇದೆ", ಇವೆರಡರ ನಡುವೆ ಸ್ಟಾಫ್ ರೂಮಿನ ಇತರರಿಗೆ ನಾವು ಒಂದೇ ಭಾಷೆ ಆಡುತ್ತಿದ್ದೇವೆಂದು ನಂಬಿಕೆಯೇ ಬರುತ್ತಿರಲಿಲ್ಲ.

ಶುರುವಾದದ್ದು ಅಂಕೋರ್ ವಾಟ್‌ನಿಂದ. ಕಾಂಬೋಡಿಯಾದ ಆ ಮಹಾ ದೇವಾಲಯ ನನ್ನ ಪಾಠದಲ್ಲಿ ವರ್ಷಕ್ಕೆ ಎರಡು ತರಗತಿಯಷ್ಟೇ ಬರುತ್ತಿತ್ತು. ಆದರೆ ಅದು ನನ್ನ ಹೆಮ್ಮೆಯ ಪಾಠ. ಬಣ್ಣದ ಸೀಮೆಸುಣ್ಣ ಹಿಡಿದು ಕರಿಹಲಗೆಯ ತುಂಬ ಐದು ಗೋಪುರ, ಮುಂದೆ ಉದ್ದದ ಕಲ್ಲುದಾರಿ, ಸುತ್ತ ನೀರಿನ ಕಂದಕ ಬರೆಯುತ್ತಿದ್ದೆ. ತಾವರೆ ಮೊಗ್ಗಿನ ಹಾಗೆ ಕಾಣಬೇಕಾದ ಗೋಪುರಗಳು ನನ್ನ ಕೈಯಲ್ಲಿ ಬೇರೇನೋ ಆಗುತ್ತಿದ್ದವು. "ಮಿಸ್, ಈಸ್ ದಟ್ ಮಹಿಂಡಿ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ್ದ. ಮಹಿಂಡಿ ಎಂದರೆ ಜೋಳದ ತೆನೆ. ಶಾಲೆಯ ಗೇಟಿನ ಹೊರಗೆ ಕೆಂಡದ ಮೇಲೆ ಸುಟ್ಟು ಮಾರುತ್ತಾರಲ್ಲ, ಅದು. ಅವತ್ತಿನಿಂದ ನನ್ನ ಕಣ್ಣಿಗೂ ಅದು ಜೋಳದ ತೆನೆಯೇ ಆಯಿತು. ಇನ್ನು ಅಲ್ಲಿನ ರಾಜರೋ, ಒಬ್ಬೊಬ್ಬರ ಹೆಸರೂ ವರ್ಮ ಎಂದು ಮುಗಿಯುತ್ತದೆ. ಉತ್ತರ ಪತ್ರಿಕೆಗಳಲ್ಲಿ ಮಕ್ಕಳು ಒಬ್ಬ ವರ್ಮನ ಯುದ್ಧವನ್ನು ಇನ್ನೊಬ್ಬ ವರ್ಮನ ತಲೆಗೆ ಕಟ್ಟಿ, ವಿಷ್ಣುವಿಗೆ ಗುಡಿ ಕಟ್ಟಿಸಿದವನ ಕೈಯಲ್ಲಿ ಬುದ್ಧನಿಗೂ ಕಟ್ಟಿಸಿಬಿಡುತ್ತಿದ್ದರು. ಸುಸ್ತಾದ ದಿನ ನಾನೂ ತಿದ್ದದೆ ಅಂಕ ಹಾಕಿದ್ದುಂಟು.

ಒಂದು ದಿನ ವಂಜಿಕು ಎಂಬ ಹುಡುಗಿ ಎದ್ದು ನಿಂತು ಕೇಳಿದಳು. ಜಗತ್ತಿನಲ್ಲೇ ಅಷ್ಟು ದೊಡ್ಡ ದೇವಾಲಯ ಎನ್ನುತ್ತೀರಿ, ಫೋಟೋದಲ್ಲಿ ನೋಡಿದರೆ ಒಳಗಿನ ಪಡಸಾಲೆಗಳು ನಮ್ಮ ಶಾಲೆಯ ಕಾರಿಡಾರಿಗಿಂತ ಇಕ್ಕಟ್ಟು, ಯಾಕೆ?

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಆಗ ನನಗಿರಲಿಲ್ಲ. "ಭಕ್ತರು ಒಬ್ಬೊಬ್ಬರಾಗಿ, ಏಕಾಗ್ರತೆಯಿಂದ ನಡೆಯಲಿ ಎಂದು" ಎಂದೆ. ಹೇಳುತ್ತ ಹೇಳುತ್ತ ನನಗೇ ಅದು ನಿಜವೆನಿಸಿತು. ಟೀ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಜಂಬದಿಂದ ಅದನ್ನೇ ವರದಿ ಮಾಡಿದಾಗ, ಮೂಲೆಯಲ್ಲಿ ಪುಸ್ತಕ ತಿದ್ದುತ್ತಿದ್ದ ಸೆವ್ರಿನ್ ತಲೆಯೆತ್ತಿದಳು.

"ಎಂತ ಏಕಾಗ್ರತೆ ಮಾರಾಯ್ತಿ? ಪಾಪದ ಮಕ್ಕಳಿಗೆ ಹಸಿ ಸುಳ್ಳು ಹೇಳಿದ್ದಾ ನೀನು?"

"ಮತ್ತೆ ಯಾಕೆ ನೀನೇ ಹೇಳು."

"ಆ ಶುಗರ್ ಕ್ಯೂಬ್ ಕೊಡು ಇಲ್ಲಿ."

ಅವಳು ಮೇಜಿನ ಮೇಲೆ ತುಂಡುಗಳನ್ನು ಎರಡು ಗೋಡೆಯಾಗಿ ಜೋಡಿಸಿದಳು. ಆಮೇಲೆ ಒಂದೊಂದು ಸಾಲನ್ನೂ ಕೆಳಗಿನದಕ್ಕಿಂತ ಚೂರೇ ಚೂರು ಒಳಕ್ಕೆ ಚಾಚಿಸುತ್ತ ಹೋದಳು, ಎರಡೂ ಕಡೆಯಿಂದ. ಕೊನೆಗೆ ಎರಡು ಗೋಡೆಗಳೂ ಮೇಲೆ ಬಂದು ತಲೆಗೆ ತಲೆ ತಾಗಿಸಿದವು. "ನೋಡು, ಕಮಾನಿನ ಹಾಗೆ ಕಾಣ್ತದೆ, ಕಮಾನು ಅಲ್ಲ. ನಿಜವಾದ ಕಮಾನಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುವುದು. ಇಲ್ಲಿ ಕಲ್ಲು ಸುಮ್ಮನೆ ಚಾಚಿಕೊಂಡು ಕೂತದ್ದು, ಹಿಂದಿನ ಭಾರದ ಧೈರ್ಯದಲ್ಲಿ. ಅದಕ್ಕೇ ಅಗಲ ಮಾಡ್ಲಿಕ್ಕೆ ಹೋದ್ರೆ," ಎಂದು ಬೆರಳಿನಿಂದ ಒಂದು ತುಂಡನ್ನು ಮುಂದಕ್ಕೆ ನೂಕಿದಳು. ಇಡೀ ಕಟ್ಟಡ ನನ್ನ ಟೀಯೊಳಗೆ ಬಿತ್ತು. "ಅಗಲ ಮಾಡ್ಲಿಕ್ಕೆ ಆಗುವುದಿಲ್ಲ. ಅದಕ್ಕೆ ಇಕ್ಕಟ್ಟು. ಹೋಗಿ ಆ ಹುಡುಗಿಗೆ ಹೇಳು."

ಹೇಳಿದೆ. ಮಾರನೆಯ ದಿನ ತರಗತಿಯಲ್ಲಿ ನಿಂತು, ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಮಕ್ಕಳು ಚಪ್ಪಾಳೆ ತಟ್ಟಿದರು. ಪಾಠ ಚೆನ್ನಾಗಿ ಮಾಡಿದಾಗ ಒಮ್ಮೆಯೂ ತಟ್ಟಿರಲಿಲ್ಲ.

ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ನಾನು ಬೆಳೆದದ್ದು ಮೈಸೂರಿನಲ್ಲಿ. ಶಾಲೆಯಿಂದ ಸೋಮನಾಥಪುರಕ್ಕೆ ಪ್ರವಾಸ ಹೋಗದ ಮಕ್ಕಳು ಆ ಊರಿನಲ್ಲಿಲ್ಲ. ಅಲ್ಲಿ ತಲೆಯೆತ್ತಿದರೆ ಕಾಣುವ ಒಂದೊಂದು ಒಳಛಾವಣಿಯೂ ಹೀಗೇ ಕಲ್ಲಿನ ಮೇಲೆ ಕಲ್ಲು ಚಾಚಿಸಿ ಏರಿಸಿದ್ದು ಎಂದು ಸೆವ್ರಿನ್ ಹೇಳಿದ ಮೇಲೆ ನನಗೆ ತಿಳಿಯಿತು. ನನಗೆ ಸೋಮನಾಥಪುರವೆಂದರೆ ನೆನಪಿದ್ದದ್ದು ಹುಲ್ಲಿನ ಮೇಲೆ ಕೂತು ತಿಂದ ಪುಳಿಯೋಗರೆ, ಅದರಲ್ಲಿ ಕಡಲೆಕಾಯಿ ಬೀಜ ಯಾರ ಪಾಲಿಗೆ ಹೆಚ್ಚು ಬಂತು ಎನ್ನುವ ಜಗಳ. ತಲೆಯೆತ್ತಿ ನೋಡಿದ ನೆನಪೇ ಇಲ್ಲ. ಹಾಗೆಂದು ಕಟ್ಟಡ ಕಟ್ಟುವ ಹುಚ್ಚು ಇರಲಿಲ್ಲವೆಂದಲ್ಲ. ನಮ್ಮ ಬೀದಿಯಲ್ಲಿ ಯಾರು ಮನೆ ಕಟ್ಟಿಸಿದರೂ ಮೊದಲು ಬಂದು ಬೀಳುವುದು ಮರಳಿನ ಗುಡ್ಡೆ. ಅದರಲ್ಲಿ ಕಾಲು ಹೂತು, ಮೇಲೆ ಒದ್ದೆ ಮರಳು ತಟ್ಟಿ ತಟ್ಟಿ, ಉಸಿರು ಬಿಗಿಹಿಡಿದು ಕಾಲನ್ನು ಮೆಲ್ಲಗೆ ಎಳೆದುಕೊಂಡರೆ ಗುಬ್ಬಿಗೂಡು ತಯಾರು. ನೀವೂ ಕಟ್ಟಿರುತ್ತೀರಿ. ನಮ್ಮ ಗೂಡಿಗೆ ಯಾವ ಗುಬ್ಬಿಯೂ ಬಂದ ದಾಖಲೆಯಿಲ್ಲ.

ಆ ಟೀ ಹೊತ್ತಿನಿಂದ ಮುಂದೆ ನಮ್ಮ ಶನಿವಾರಗಳು ಅಂಕೋರಿಗೆ ಮೀಸಲಾದವು. ಸೆವ್ರಿನ್ ಇದ್ದದ್ದು ಹರ್ಲಿಂಗ್‌ಹ್ಯಾಮಿನ ಹಿಂದಿನ ಒಂದು ಗಲ್ಲಿಯಲ್ಲಿ, ಹೆಂಚು ಹೊದಿಸಿದ ಹಳೆಯ ಬಾಡಿಗೆ ಮನೆಯಲ್ಲಿ. ಹಿತ್ತಲು ತುಂಬ ವಿಶಾಲ. ಒಂದು ಆವಕಾಡೊ ಮರ, ಒಂದು ಸಾಲು ದಾಸವಾಳ. ಮರದ ಕೆಳಗೆ ಕೂತು, ಅವರಿವರಿಂದ ಎರವಲು ತಂದ ಪುಸ್ತಕಗಳನ್ನು ಓದುತ್ತಿದ್ದೆವು. ನಮ್ಮ 'ನಗರ' ಎಂಬ ಮಾತೇ ಅಲ್ಲಿಯವರ ಬಾಯಲ್ಲಿ ಸವೆದು ಸವೆದು ಅಂಕೋರ್ ಆಯಿತೆಂದು ತಿಳಿದ ದಿನ ನಾನು ಕುಣಿದಾಡಿದ್ದೆ. ಸೆವ್ರಿನ್‌ಗೆ ಹೆಸರು, ವಂಶಾವಳಿ ಒಂದೂ ಬೇಡ.

"ನಿನ್ನ ವರ್ಮಗಳು ಸಾಕು. ಕಲ್ಲು ಎತ್ತಿದ್ದು ಯಾರು, ಅದನ್ನು ಹೇಳು."

ಕಲ್ಲು ಬಂದದ್ದು ದೂರದ ಬೆಟ್ಟದಿಂದ, ಕಾಲುವೆಗಳ ನೀರಿನ ಮೇಲೆ. ಮರಳುಗಲ್ಲಿನ ಮೈಮೇಲೆ ಅಲ್ಲಲ್ಲಿ ಬೆರಳು ತೂರುವಷ್ಟು ತೂತುಗಳಿವೆ, ಗೂಟ ಬಡಿದು ಹಗ್ಗ ಕಟ್ಟಿ ಎತ್ತುವುದಕ್ಕೆ. ಗಾರೆ ಇಲ್ಲ. ಒಂದು ಕಲ್ಲನ್ನು ಇನ್ನೊಂದರ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜಿ ಉಜ್ಜಿ, ಎರಡರ ಮುಖವೂ ಒಂದಕ್ಕೊಂದು ಹೊಂದುವ ತನಕ ಬಿಡುತ್ತಿರಲಿಲ್ಲ. ಕೆತ್ತನೆಯೆಲ್ಲ ಕಟ್ಟಿ ಮುಗಿಸಿದ ಮೇಲೆ. ಅದಕ್ಕೇ ಅಲ್ಲಿ ಕೆಲವು ಗುಡಿಗಳು ಅರ್ಧ ಕೆತ್ತಿ ನಿಂತುಹೋಗಿವೆ, ಉಳಿ ಹಿಡಿದವನು ಊಟಕ್ಕೆ ಹೋದವನು ಮರಳಿ ಬರಲಿಲ್ಲವೇನೋ ಎನ್ನುವ ಹಾಗೆ. ಸೆವ್ರಿನ್‌ಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಹುಸಿ ಕಿಟಕಿ. ಗಟ್ಟಿ ಗೋಡೆಯ ಮೇಲೆ ಕಿಟಕಿ ಕೆತ್ತಿ, ಬಳೆಬಳೆಯಾಗಿ ಕಡೆದಂಥ ಕಲ್ಲಿನ ಸರಳು ಕೆತ್ತಿ, ಅರ್ಧಕ್ಕೆ ಇಳಿಸಿದ ಚಾಪೆಯ ಪರದೆಯನ್ನೂ ಕಲ್ಲಿನಲ್ಲೇ ಕೆತ್ತಿದ್ದಾರೆ. "ಅರ್ಧ ಕೆಲಸ ಉಳಿಸ್ಲಿಕ್ಕೆ ಮಾಡಿದ ಉಪಾಯ ನೋಡು" ಎಂದು ಅವಳು ನಕ್ಕಳು. "ಪರದೆ ಇಳಿಸಿದ್ರೆ ಕೆಳಗಿನ ಸರಳು ಮಾತ್ರ ಕಡೆದ್ರೆ ಆಯ್ತಲ್ಲ!"

ಇಷ್ಟಾದ ಮೇಲೆ ಹೋಗಿ ನೋಡದೆ ಇರುವುದುಂಟೇ? ಮುಂದಿನ ಡಿಸೆಂಬರಿಗೆ ಹೋಗುವುದೆಂದಾಯಿತು. ಆ ಡಿಸೆಂಬರಿನಲ್ಲಿ ನನ್ನ ಮಗಳ ಪರೀಕ್ಷೆ ಹತ್ತಿರ ಬಂತು. ಅದರ ಮುಂದಿನ ವರ್ಷ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಿದರು, ವೇಳಾಪಟ್ಟಿ ಹಾಕಬೇಕಿತ್ತು. ಆಮೇಲೆ ಮೈಸೂರಿನಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸುವುದಿತ್ತು. ಒಂದು ವರ್ಷ ಮನೆಗೆ ಬಣ್ಣ ಹೊಡೆಸಿದೆವು. ನಗಬೇಡಿ, ನಿಜವಾಗಿಯೂ ಇದೇ ಕಾರಣ ಕೊಟ್ಟಿದ್ದೆ. ಆಮೇಲೆ ಕೊರೋನಾ ಬಂದು ಎಲ್ಲರಿಗೂ ಕಾರಣ ಸಿಕ್ಕಿತು. ಸೆವ್ರಿನ್ ಒಂದು ಸಲವೂ ಒತ್ತಾಯ ಮಾಡಲಿಲ್ಲ. "ಬರುವ ವರ್ಷ ನೋಡುವ" ಎಂದು ಪುಸ್ತಕ ತೆರೆಯುತ್ತಿದ್ದಳು.

ಶಾಲೆಗಳು ಮತ್ತೆ ತೆರೆದ ಮೇಲೆ ಒಂದು ಸಂಜೆ ಹರ್ಲಿಂಗ್‌ಹ್ಯಾಮಿನ ಮಟಾಟು ವ್ಯಾನುಗಳು ನಿಲ್ಲುವ ಜಾಗದಲ್ಲಿ ಅವಳು ನಿಂತಿದ್ದಳು. ನಾನು ಎಡಗಡೆಯಿಂದ ಹೋಗಿ ಕೈ ಬೀಸಿದೆ. ನೋಡಲಿಲ್ಲ. ಒಂದು ಮಾರು ದೂರದಲ್ಲಿ ನಿಂತು ಹಲ್ಲು ಕಿರಿದೆ. ಆಗಲೂ ನೋಡಲಿಲ್ಲ. ಏನೋ ಸಿಟ್ಟಾಗಿದ್ದಾಳೆ ಎಂದುಕೊಂಡು ನನಗೂ ಸಿಟ್ಟು ಬಂತು. ನೇರ ಅವಳ ಮುಖದ ಮುಂದೆ ಹೋಗಿ ನಿಂತೆ.

"ಅಯ್ಯೋ ವಾರಿಜಾ! ಯಾವಾಗ ಬಂದದ್ದು?"

ಆಗ ನನಗೆ ಗೊತ್ತಾಯಿತು. ಅವಳ ಕೈಹಿಡಿದು ಪಕ್ಕದ ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಕೇಳಿದೆ. ಅವಳು ಯಾರದೋ ಕಥೆ ಹೇಳುವ ಹಾಗೆ ಹೇಳಿದಳು. ಗ್ಲಾಕೋಮಾ. ಕಣ್ಣಿನ ಒಳಗಿನ ಒತ್ತಡ. ಸುತ್ತಲಿನ ನೋಟ ಮೊದಲು ಹೋಗುತ್ತದಂತೆ, ನಡುವಿನದು ಕೊನೆಗೆ.

"ಯಾವಾಗಿನಿಂದ?"

"ಕಣ್ಣಿನ ಡಾಕ್ಟ್ರು ಹೇಳಿ ಆರು ವರ್ಷ ಆಯ್ತು. ಡ್ರಾಪ್ಸ್ ಹಾಕ್ತಾ ಇದ್ದೇನೆ. ಎರಡು ಸಲ ಆಪರೇಷನ್ ಕೂಡ ಆಯ್ತು, ನಿನಗೆ ಹಲ್ಲಿನದ್ದು ಅಂತ ಹೇಳಿದ್ದು."

"ನಂಗ್ಯಾಕೆ ಹೇಳ್ಲಿಲ್ಲ ಸೆವ್ರಿನ್?"

"ಹೇಳಿದ್ರೆ ನೀನು ಅಳ್ತಿ. ಮತ್ತೆ ನಾನು ಸಮಾಧಾನ ಮಾಡ್ಬೇಕು. ನನಗೆ ಪುರ್ಸೊತ್ತು ಎಲ್ಲಿ ಉಂಟು?"

ಅತ್ತೆ. ಅವಳು ಸಮಾಧಾನ ಮಾಡಿದಳು. ಆರು ವರ್ಷವೆಂದರೆ ಲೆಕ್ಕ ಸುಲಭ. ಪರೀಕ್ಷೆ, ವೇಳಾಪಟ್ಟಿ, ಗೋಡೆಗೆ ಬಣ್ಣ, ಇವೆಲ್ಲ ನಡೆದದ್ದು ಅವಳಿಗೆ ಕಣ್ಣು ಕಾಣುತ್ತಿದ್ದಾಗ. ಈ ತಿಂಗಳೇ ಹೊರಡೋಣ, ಶಾಲೆಗೆ ರಜೆ ಹಾಕುತ್ತೇನೆ ಎಂದೆ. ಅವಳು ಒಪ್ಪಲಿಲ್ಲ.

"ಈಗ ಬೇಡ. ಅಲ್ಲಿ ಮೆಟ್ಟಿಲೆಲ್ಲ ಏಣಿಯ ಹಾಗೆ ಕಡಿದು. ನಿನ್ನನ್ನೂ ಎಳ್ಕೊಂಡು ಬೀಳುವುದು. ಒಂದು ಕೆಲಸ ಮಾಡುವ. ಇಲ್ಲೇ ಕಟ್ಟುವ."

"ಏನನ್ನ?"

"ಪಡಸಾಲೆ. ಒಂದೇ ಒಂದು ತುಂಡು. ಸಿಮೆಂಟು ಇಲ್ಲದೆ. ಅವರು ಕಟ್ಟಿದ ಹಾಗೆಯೇ. ಅದರೊಳಗೆ ನಡ್ದು ನೋಡ್ಬೇಕು ನನಗೆ."

ತಮಾಷೆ ಎಂದುಕೊಂಡೆ. ಮುಂದಿನ ಶನಿವಾರ ಹೋದರೆ ಹಿತ್ತಲಿನಲ್ಲಿ ಒಂದು ಲಾರಿ ಕಲ್ಲು ಬಿದ್ದಿತ್ತು. ನೈರೋಬಿಯ ಮನೆಗಳಿಗೆಲ್ಲ ಹಾಕುವ ಬೂದು ಬಣ್ಣದ ಗಣಿಗಲ್ಲು, ಮೊಳದುದ್ದ, ಗೇಣೆತ್ತರ. ಪಕ್ಕದಲ್ಲಿ ಮ್ವಾಂಗಿ ತಲೆ ಕೆರೆಯುತ್ತ ನಿಂತಿದ್ದ. ಇಲ್ಲಿ ಗಾರೆಯವನಿಗೂ ಬಡಗಿಗೂ ನಲ್ಲಿ ರಿಪೇರಿಯವನಿಗೂ ಒಂದೇ ಹೆಸರು, ಫುಂಡಿ. ಮ್ವಾಂಗಿ ಮೂವತ್ತು ವರ್ಷದ ಅನುಭವದ ಕಲ್ಲುಕೆಲಸದ ಫುಂಡಿ. ನಮ್ಮನ್ನು ಮ್ವಾಲಿಮು, ಅಂದರೆ ಮೇಷ್ಟ್ರೇ, ಎಂದು ಕರೆಯುತ್ತಿದ್ದ. ಅವನೊಂದಿಗೆ ನಮ್ಮ ಮಾತೆಲ್ಲ ಸ್ವಾಹಿಲಿ ಇಂಗ್ಲಿಷ್ ಬೆರೆಸಿ.

"ಬಿಲಾ ಸಿಮೆಂಟಿ?" ಎಂದ. ಸಿಮೆಂಟಿಲ್ಲದೆಯೇ?

"ಬಿಲಾ ಸಿಮೆಂಟಿ" ಎಂದಳು ಸೆವ್ರಿನ್.

"ಆಗೋದಿಲ್ಲ ಮ್ವಾಲಿಮು. ಬಿದ್ದರೆ ಊರಿನವರು ಮ್ವಾಂಗಿ ಕಟ್ಟಿದ್ದು ಎನ್ನುತ್ತಾರೆ, ಮ್ವಾಲಿಮು ಹೇಳಿದ್ದು ಎನ್ನುವುದಿಲ್ಲ."

ಅವಳು ಒಳಗಿನಿಂದ ಶುಗರ್ ಕ್ಯೂಬ್ ತಂದಳು. ಅವನೆದುರು ನೆಲದ ಮೇಲೆ ಕೂತು, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ನೋಡುತ್ತ, ಕಟ್ಟಿ ತೋರಿಸಿದಳು. ಎರಡೂ ಗೋಡೆಗಳ ನಡುವೆ ಎರಡೂವರೆ ಅಡಿ. ಒಂದೊಂದು ಸಾಲು ಎರಡೂವರೆ ಇಂಚು ಚಾಚಿದರೆ ಆರನೆಯ ಸಾಲಿಗೆ ಎರಡೂ ಕಡೆ ಸೇರಬೇಕು. ಮ್ವಾಂಗಿ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಕಡೆಗೆ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, "ಸವಾ, ನೋಡೋಣ" ಎಂದ.

ಐದು ಶನಿವಾರ ಹಿಡಿಯಿತು. ಮ್ವಾಂಗಿ, ಅವನ ಇಬ್ಬರು ಜೊತೆಗಾರರು, ಇಬ್ಬರು ಮುದಿ ಮೇಷ್ಟ್ರುಗಳು. ಕಲ್ಲಿನ ನಡುವೆ ನೀರು, ಮರಳು ಹಾಕಿ ಉಜ್ಜುವ ಕೆಲಸ ನಮ್ಮಿಬ್ಬರದು. ಅರ್ಧ ಗಂಟೆ ಉಜ್ಜಿದ ಮೇಲೆ ನನ್ನ ಹೆಗಲು ಕಳಚಿ ಬೀಳುವ ಹಾಗಾಯಿತು. ಇಪ್ಪತ್ತಾರು ವರ್ಷ "ಅಂಕೋರ್ ಕಟ್ಟಿದ ಖ್ಮೇರರು ಕಲ್ಲುಗಳನ್ನು ನಯವಾಗಿ ಹೊಂದಿಸುತ್ತಿದ್ದರು" ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದೆನಲ್ಲ, ಆ ವಾಕ್ಯದ ತೂಕ ಅವತ್ತು ಗೊತ್ತಾಯಿತು. ಡಾಕ್ಟರು ಒಂದು ದಿನ ನೋಡಲು ಬಂದರು. "ಇದಕ್ಕೆ ಪ್ಲಾನ್ ಅಪ್ರೂವಲ್ ಏನಾದ್ರೂ ಇದೆಯೇನ್ರೀ?" ಎಂದು ಕೇಳಿ, ಇಲ್ಲವೆಂದಾಗ ಹತ್ತು ಹೆಜ್ಜೆ ಹಿಂದೆ ಸರಿದು ನಿಂತೇ ಟೀ ಕುಡಿದರು.

ಅವರ ಅನುಮಾನ ಸರಿಯಾಗಿತ್ತು. ಮೂರನೆಯ ಶನಿವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಎಡಗೋಡೆಯ ಮೇಲಿನ ಮೂರು ಸಾಲು ದಡದಡನೆ ಒಳಕ್ಕೆ ಬಿದ್ದವು. ಒಂದು ದಾಸವಾಳದ ಗಿಡ ಹೋಯಿತು, ಬೇರೆ ಯಾರಿಗೂ ಏನೂ ಆಗಲಿಲ್ಲ. ಮ್ವಾಂಗಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಸೆವ್ರಿನ್ ಎದ್ದು ಹೋಗಿ ಬಿದ್ದ ಕಲ್ಲುಗಳ ನಡುವೆ ಕೂತು ಒಂದೊಂದನ್ನೂ ಸವರಿದಳು. ಉಳಿದ ಗೋಡೆಯ ಹಿಂಭಾಗಕ್ಕೆ ಕೈಹಾಕಿ ತಡವಿದಳು.

"ತಪ್ಪು ನನ್ನದು. ಚಾಚಿದ್ದರ ಲೆಕ್ಕ ಮಾತ್ರ ಮಾಡಿದ್ದು. ಹಿಂದೆ ಬಾಲಕ್ಕೆ ಭಾರ ಇಟ್ಟಿಲ್ಲ. ಕಲ್ಲಿನ ಬಾಲದ ಮೇಲೆ ಇನ್ನೊಂದು ಕಲ್ಲು ಕೂರ್ಬೇಕು ಮ್ವಾಂಗಿ. ಆಗ ಮೂತಿ ಬಗ್ಗುವುದಿಲ್ಲ."

ಮ್ವಾಂಗಿ ಕೈ ತೊಳೆದು ಎದ್ದ. ಆಮೇಲೆ ಅವನೇ ಮುಂದಾಳು. ಉಜ್ಜಿದ್ದು ಸಾಲದೆಂದು ನಮ್ಮ ಕೈಯಿಂದ ಕಲ್ಲು ಕಿತ್ತುಕೊಂಡು ತಾನೇ ಉಜ್ಜುತ್ತಿದ್ದ. ಐದನೆಯ ಶನಿವಾರ ಮಧ್ಯಾಹ್ನ ಆರನೆಯ ಸಾಲಿನ ಕಲ್ಲುಗಳು ಎರಡೂ ಕಡೆಯಿಂದ ಬಂದು ಸೇರಿದವು. ಕೆಳಗಿನ ಮರದ ಆಸರೆಗಳನ್ನು ಒಂದೊಂದಾಗಿ ತೆಗೆದರು. ನಾವೆಲ್ಲ ಆವಕಾಡೊ ಮರದ ಹಿಂದೆ ನಿಂತು ಕಾದೆವು. ಮ್ವಾಂಗಿ ನಿಧಾನವಾಗಿ ನಡೆದು ಹೋಗಿ ಅದರ ಕೆಳಗೆ ನಿಂತ. ಬಾಯಿ ತುಂಬ ನಗೆ ನಕ್ಕು, "ಕರಿಬೂ" ಎಂದು ಕೈ ಚಾಚಿ ಸೆವ್ರಿನ್‌ಳನ್ನು ಒಳಗೆ ಕರೆದ.

ಹತ್ತು ಅಡಿ ಉದ್ದವಿದ್ದಿರಬಹುದು. ಸೆವ್ರಿನ್ ಎರಡೂ ಅಂಗೈಯನ್ನು ಎರಡೂ ಗೋಡೆಗೆ ಆನಿಸಿಕೊಂಡು ಒಳಗೆ ಹೋದಳು. ಅಕ್ಕಪಕ್ಕ ನಡೆಯಲು ಜಾಗವಿಲ್ಲ, ನಾನು ಅವಳ ಹಿಂದೆ. ಒಳಗೆ ತಂಪು. ನಡುವಿಗೆ ಬಂದು ಅವಳು ನಿಂತಳು.

"ಮೇಲೆ ಹೇಗೆ ಕಾಣ್ತದೆ? ಹೇಳು."

"ಎರಡೂ ಕಡೆಯಿಂದ ಮೆಟ್ಟಿಲು ತಲೆಕೆಳಗಾಗಿ ಹತ್ತಿಕೊಂಡು ಹೋದ ಹಾಗೆ ಕಾಣುತ್ತೆ. ತುದೀಲಿ ಒಂದು ಸಣ್ಣ ಸಂದು. ಅದ್ರಲ್ಲಿ ದಾರದಷ್ಟು ಬೆಳಕು."

"ಸಂದು ಉಂಟಾ? ಮ್ವಾಂಗಿಗೆ ಹೇಳ್ಬೇಡ."

ಅವಳ ಬೆನ್ನು ನನ್ನೆದುರಿಗಿತ್ತು. ಮುಖ ಕಾಣದ್ದರಿಂದಲೇ ಇರಬೇಕು, ಬಾಯಿ ಬಂತು. "ಸೆವ್ರಿನ್, ಮನೆಗೆ ಬಣ್ಣ ಹೊಡೆಸಿದ್ದು ಒಂದು ಕಾರಣವೇ ಆಗಿರಲಿಲ್ಲ. ಬರಬಹುದಿತ್ತು ನಾನು."

"ನನಗೆ ಗೊತ್ತುಂಟು. ನಿನಗೆ ಹೆದರಿಕೆ."

"ಏನು ಹೆದರಿಕೆ?"

"ಕರಿಹಲಗೆಯಲ್ಲಿ ಬರ್ದದ್ದು ಚಂದ ಉಂಟಲ್ಲ. ಅಲ್ಲಿ ಹೋದ ಮೇಲೆ ಅದು ಬೇರೆಯೇ ಆದ್ರೆ? ಇಷ್ಟು ವರ್ಷ ನೋಡದ್ದನ್ನು ನೋಡಿದ ಹಾಗೆ ಹೇಳಿದ್ದಲ್ಲ ನೀನು." ಅಂಗೈಯಿಂದ ಗೋಡೆ ಸವರಿದಳು. "ನನಗೂ ಇತ್ತು ಆ ಹೆದರಿಕೆ. ಅದಕ್ಕೇ ನಾನೂ ಒತ್ತಾಯ ಮಾಡ್ಲಿಲ್ಲ. ನೀನೊಬ್ಬಳೇ ತಪ್ಪು ಮಾಡಿದ್ದು ಅಂತ ಹೆಚ್ಚುಗಾರಿಕೆ ಬೇಡ."

ಆ ಪಡಸಾಲೆ ಹದಿನಾಲ್ಕು ತಿಂಗಳು ನಿಂತಿತ್ತು. ಮಳೆಗಾಲ ಎರಡು ಕಂಡಿತು. ನಮ್ಮ ಕನ್ನಡದ ಬಳಗದವರು, ಸೆವ್ರಿನ್‌ಳ ಚರ್ಚಿನವರು, ಮ್ವಾಂಗಿ ಕರೆತಂದ ಬೇರೆ ಫುಂಡಿಗಳು, ಎಲ್ಲರೂ ಬಂದು ಅದರೊಳಗೆ ಒಮ್ಮೆ ನಡೆದು ಹೋದರು. ವಂಜಿಕು ಕೂಡ ಬಂದಿದ್ದಳು, ಈಗ ಎರಡು ಮಕ್ಕಳ ತಾಯಿ. ಆಮೇಲೆ, ಆ ಗಲ್ಲಿಯ ಎಲ್ಲ ಹಳೆಯ ಮನೆಗಳಿಗೆ ಆದದ್ದೇ ಇದಕ್ಕೂ ಆಯಿತು. ಮಾಲೀಕರು ಜಾಗ ಮಾರಿದರು, ಹನ್ನೆರಡು ಮಹಡಿಯ ಫ್ಲಾಟು ಬರುವುದೆಂದಾಯಿತು. ಸೆವ್ರಿನ್ ನಿವೃತ್ತಳಾಗಿದ್ದಳು. ನೋಟ ಒಂದು ನಾಣ್ಯದಗಲಕ್ಕೆ ಇಳಿದಿತ್ತು. ಮಂಗಳೂರಿನ ಅಕ್ಕನ ಮನೆಗೆ ಹೊರಡುವುದೆಂದು ನಿಶ್ಚಯಿಸಿದಳು.

ಕಲ್ಲುಗಳನ್ನು ಬಿಚ್ಚುವ ದಿನ ಪ್ರತಿಯೊಂದರ ಮೇಲೂ ನಂಬರು ಬರೆಯಬೇಕೆಂದು ಹಟ ಹಿಡಿದಳು. ಅಂಕೋರಿನ ಬಳಿಯ ಒಂದು ದೊಡ್ಡ ಗುಡಿಯನ್ನು ದುರಸ್ತಿಗೆಂದು ಹೀಗೇ ಬಿಚ್ಚಿ, ಲಕ್ಷಗಟ್ಟಲೆ ಕಲ್ಲುಗಳಿಗೆ ಗುರುತು ಹಾಕಿ ಕಾಡಿನಲ್ಲಿ ಹರಡಿದ್ದರಂತೆ. ಅಷ್ಟರಲ್ಲಿ ಯುದ್ಧ ಬಂತು. ಯಾವ ಕಲ್ಲು ಎಲ್ಲಿಯದೆಂದು ಬರೆದಿದ್ದ ಕಾಗದಗಳೆಲ್ಲ ನಾಶವಾದವು. ಎಷ್ಟೋ ವರ್ಷಗಳ ನಂತರ ಬಂದವರು ಒಂದೊಂದು ಕಲ್ಲಿನ ಮುಖ ನೋಡಿ, ಇದರ ಜೊತೆಯದು ಯಾವುದೆಂದು ಹುಡುಕಿ ಹುಡುಕಿ ಗುಡಿಯನ್ನು ಮತ್ತೆ ನಿಲ್ಲಿಸಿದರು. ಇದನ್ನು ಮ್ವಾಂಗಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಸೀಮೆಸುಣ್ಣ ಬಿಸುಟು, ಅಳಿಸದ ಬಣ್ಣವನ್ನೇ ಕೊಂಡು ತಂದ. ಕಲ್ಲುಗಳನ್ನು ತನ್ನ ಊರಿಗೆ ಒಯ್ದ. ಈಗ ಅದು ಅವನ ಹೊಲದ ಬಾಗಿಲು. ಕೆಳಗೆ ಹಸುಗಳು ಒಂದೊಂದಾಗಿ ನಡೆದು ಹೋಗುವ ಫೋಟೋ ಕಳಿಸಿದ್ದಾನೆ. ಅಗಲ ಮಾಡಲು ನೋಡಿದೆ, ಆಗಲಿಲ್ಲ ಮ್ವಾಲಿಮು, ಎಂದು ಬರೆದಿದ್ದ.

ಸೆವ್ರಿನ್ ಹೋದಳು. ಶನಿವಾರಗಳು ಉಳಿದವು. ಹರ್ಲಿಂಗ್‌ಹ್ಯಾಮಿಗೆ ಹೋದಾಗಲೆಲ್ಲ ಕಾಲು ತಾನೇ ಆ ಗಲ್ಲಿಗೆ ತಿರುಗುತ್ತದೆ. ತಗಡಿನ ಬೇಲಿ, ಒಳಗೆ ಕ್ರೇನು. ಆವಕಾಡೊ ಮರವೂ ಇಲ್ಲ. ಅಲ್ಲಿ ನಿಂತು ಏನು ನೋಡುತ್ತೀರಿ ಎಂದು ಕಾವಲಿನವನು ಒಮ್ಮೆ ಕೇಳಿದ. ಏನೆಂದು ಹೇಳಲಿ? ಅವಳ ಜೊತೆ ಫೋನಿನಲ್ಲಿ ದಿನಾ ಮಾತಿದೆ, ಮಾತಿಗೇನೂ ಬರವಿಲ್ಲ. ಆದರೆ ಫೋನಿನಲ್ಲಿ ಒಟ್ಟಿಗೆ ಸುಮ್ಮನೆ ಕೂರಲು ಬರುವುದಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಫೋನು ಮಾಡಿ, "ಹೋಗುವ" ಎಂದಳು.

ಅವಳ ಅಕ್ಕನ ಮಗಳು ರೆನಿಟಾ ಕರೆದುಕೊಂಡು ಹೋಗಲು ಸಿದ್ಧಳಿದ್ದಾಳೆ. ಡಿಸೆಂಬರಿನ ಕೊನೆಗೆ. ನೀನು ನೈರೋಬಿಯಿಂದ ಬಾ, ಅಲ್ಲಿ ಸಿಗುವ. ಈಗ ಮೆಟ್ಟಿಲು ಹತ್ತುವ ಆಸೆಯಿಲ್ಲ, ಕೆಳಗೇ ನಡೆದರೆ ಸಾಕು.

ನಾನು ಈ ಸಲ ಒಂದು ಕ್ಷಣವೂ ಯೋಚಿಸಲಿಲ್ಲ. ವೀಸಾ ಆಯಿತು. ಟಿಕೆಟ್ ಆಯಿತು. ಮಗಳು ಹೊಸ ಬೂಟು ಕೊಡಿಸಿದಳು. ಹೊರಡಲು ಎಂಟು ದಿನವಿದೆ ಎನ್ನುವಾಗ ಡಾಕ್ಟರು ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಆಸ್ಪತ್ರೆಯ ಕಾರಿಡಾರಿನಿಂದ ಸೆವ್ರಿನ್‌ಗೆ ಫೋನು ಮಾಡಿದೆ. ಅಷ್ಟೊಂದು ಸುಳ್ಳು ಕಾರಣಗಳ ಮೇಲೆ ಈ ನಿಜವಾದ ಕಾರಣವನ್ನು ಹೇಗೆ ಇಡುವುದು? ಅವಳು ಪೂರ್ತಿ ಕೇಳಿಸಿಕೊಂಡಳು.

"ಈ ಸಲದ್ದು ಒಳ್ಳೆ ಕಾರಣ ಮಾರಾಯ್ತಿ. ಒಪ್ಪಿದೆ ನಾನು" ಎಂದಳು. ಆಮೇಲೆ ಧ್ವನಿ ಇಳಿಸಿ, "ನಾನೂ ನಿಲ್ಲಿಸ್ಲಾ? ಬರುವ ವರ್ಷ ಒಟ್ಟಿಗೆ ಹೋಗುವ" ಎಂದಳು.

ಬೇಡ ಎಂದೆ. ಹೋಗಲೇಬೇಕು ಎಂದೆ. ಬೈದೆ ಕೂಡ.

ಅವಳು ಹೋದಳು. ಜನವರಿಯ ಮೊದಲ ವಾರದ ಒಂದು ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ಡಾಕ್ಟರಿಗೆ ರಾಗಿ ಗಂಜಿ ಕಾಯಿಸುತ್ತಿದ್ದೆ. ಇಲ್ಲಿ ಏಳು ಗಂಟೆ, ಅಲ್ಲಿ ಹನ್ನೊಂದು. ಫೋನು ಬಂತು. ಹಿಂದೆ ಜನರ ಕಾಲ ಸದ್ದು, ಗುಜುಗುಜು.

"ವಾರಿಜಾ, ಒಳಗೆ ಇದ್ದೇನೆ."

ಸೌಟನ್ನು ಗಂಜಿಯಲ್ಲೇ ಬಿಟ್ಟೆ.

"ಕೇಳ್ತದಾ? ಕೆತ್ತಿದ್ದನ್ನೆಲ್ಲ ಮುಟ್ಲಿಕ್ಕೆ ಬಿಡುವುದಿಲ್ಲ ಇಲ್ಲಿ, ಸರಿಯೇ ಅದು. ಒಬ್ಬ ಕಾವಲಿನವನು ನನ್ನ ಕೋಲು ನೋಡಿ ಕೈಹಿಡಿದು ಒಂದು ಬರಿಯ ಗೋಡೆಯ ಹತ್ರ ಬಿಟ್ಟ. ಸಂದು ಹುಡುಕಿ ಹುಡುಕಿ ಸೋತೆ ಮಾರಾಯ್ತಿ. ಉಗುರು ಹೋಗುವುದಿಲ್ಲ!"

"ಮತ್ತೆ? ಹೇಗಿದೆ ಸೆವ್ರಿನ್? ಬೇರೆ ಥರ ಇದೆಯಾ?"

"ನೀನು ಹೇಳಿದ ಹಾಗೆ ಒಂದೂ ಇಲ್ಲ" ಎಂದು ನಕ್ಕಳು. "ತಡಿ. ಇಲ್ಲೊಂದು ಸಣ್ಣ ಕೋಣೆ ಉಂಟು. ಗೋಡೆಗೆ ಬೆನ್ನು ಕೊಟ್ಟು ನಿಂತು ಎದೆಗೆ ಗುದ್ದಿಕೊಳ್ಬೇಕಂತೆ. ಮಾತಾಡಿದ್ರೆ, ಚಪ್ಪಾಳೆ ತಟ್ಟಿದ್ರೆ ಎಂತದೂ ಇಲ್ಲವಂತೆ. ಎದೆಯದ್ದು ಮಾತ್ರ ದೊಡ್ಡದಾಗಿ ಕೇಳುವುದಂತೆ. ಕೇಳು ಆಯ್ತಾ."

ಒಲೆ ಆರಿಸಿದೆ. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಮೊದಲು ಏನೂ ಇಲ್ಲ. ಆಮೇಲೆ, ಬಹಳ ದೂರದಲ್ಲಿ ಯಾರೋ ನಗಾರಿ ಬಡಿದ ಹಾಗೆ, ಗುಂ. ಮತ್ತೆ ಗುಂ. ಕಲ್ಲು ಅದನ್ನು ಮೇಲಕ್ಕೆತ್ತಿಕೊಂಡು, ಸುತ್ತಿಸಿ, ನಿಧಾನವಾಗಿ ಕೆಳಗಿಳಿಸುವುದು ನನಗಿಲ್ಲಿ ಕೇಳಿಸುತ್ತಿತ್ತು.

"ಈಗ ನೀನು ಹೊಡಿ" ಎಂದಳು ಸೆವ್ರಿನ್. "ನಾನು ಫೋನು ಗೋಡೆಗೆ ಹಿಡೀತೇನೆ."

"ಫೋನಲ್ಲಿ ಕೇಳಿಸುತ್ತಾ?"

"ಹೊಡಿ ನೀನು!"

ಅಡಿಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮುಷ್ಟಿ ಕಟ್ಟಿ ಎದೆಗೆ ಒಂದು ಗುದ್ದು ಹಾಕಿಕೊಂಡೆ. ಒಳಗಿನ ಕೋಣೆಯಿಂದ ಡಾಕ್ಟರು, "ಏನ್ರೀ ಅದು ಸದ್ದು? ಏನು ಬಿತ್ತು?" ಎಂದು ಕೂಗಿದರು.

"ಸಾಲದು ಮಾರಾಯ್ತಿ" ಎಂದಿತು ಅಂಕೋರಿನಿಂದ ಅವಳ ಧ್ವನಿ. "ಸ್ವಲ್ಪ ಜೋರಾಗಿ."

ಇನ್ನೂ ಜೋರಾಗಿ ಹೊಡೆದುಕೊಂಡೆ.